ಕಣ್ಣೂರಿನ ಬೀಡಿ ಕಟ್ಟುವವರ ಸ್ವಂತ ಕಂಪನಿ

1968ರ ಅಕ್ಟೋಬರ್‌ನಲ್ಲಿ ಕೇರಳದ ಕಣ್ಣೂರು ಸೀಮೆಯ ಸುಮಾರು 12,000 ಬೀಡಿ ಕಾರ್ಮಿಕರು ಒಮ್ಮೆಲೇ ಕೆಲಸ ಕಳೆದುಕೊಂಡರು. ರಜೆ, ಗಾಳಿ ಬೆಳಕಿರುವ ಜಾಗ ಕೊಡಬೇಕೆಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಹೇಳಿತ್ತು. ಅದನ್ನು ಕೇರಳ ಜಾರಿಗೆ ತಂದದ್ದೇ ತಡ, ಮಂಗಳೂರು ಮೂಲದ ದೊಡ್ಡ ಕಂಪನಿಗಳು ಅಲ್ಲಿನ ಶೆಡ್‌ಗಳಿಗೆ ಬೀಗ ಹಾಕಿದವು. ಮನೆಮನೆಗೆ ಎಲೆ, ತಂಬಾಕು, ನೂಲು ಕೊಟ್ಟು ಗುತ್ತಿಗೆದಾರರ ಮೂಲಕ ಬೀಡಿ ಕಟ್ಟಿಸುವುದು ಅವಕ್ಕೆ ಅಗ್ಗವಾಗಿತ್ತು.

ಆ ಪದ್ಧತಿ ದಕ್ಷಿಣ ಕನ್ನಡದವರಿಗೆ ಹೊಸದಲ್ಲ. ಕಟ್ಟಿದ ಬೀಡಿಯನ್ನು ಗುತ್ತಿಗೆದಾರನ ಬ್ರಾಂಚಿಗೆ ಒಯ್ದ ಹೆಂಗಸು, ಸರಿಯಿಲ್ಲವೆಂದು ಅವನು ಒಂದಷ್ಟು ಕಟ್ಟು ಪಕ್ಕಕ್ಕೆ ಸರಿಸಿದರೂ ಸುಮ್ಮನೆ ನಿಲ್ಲಬೇಕು. ಒಬ್ಬಳೇ ಏನು ಜಗಳ ಮಾಡಿಯಾಳು?

ಕಣ್ಣೂರಿನವರು ಬೇರೆ ದಾರಿ ಹಿಡಿದರು. ಅಂದಿನ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರದ ನೆರವಿನಿಂದ 1969ರ ಫೆಬ್ರುವರಿಯಲ್ಲಿ ‘ದಿನೇಶ್ ಬೀಡಿ’ ಸಹಕಾರ ಸಂಘ ಶುರುವಾಯಿತು. ಎಲೆ, ತಂಬಾಕು ಕೊಳ್ಳುವುದು, ಬೀಡಿ ಮಾರುವುದು ಕೇಂದ್ರ ಸಂಘದ ಕೆಲಸ. ಕಟ್ಟಿಸುವುದು ಊರೂರಿನ ಪ್ರಾಥಮಿಕ ಸಂಘಗಳದು. ಇವುಗಳ ಆಡಳಿತ ಮಂಡಳಿಗೆ ಕಾರ್ಮಿಕರು ತಮ್ಮವರನ್ನೇ ಆರಿಸಿ ಕಳಿಸುತ್ತಿದ್ದರು. ಭವಿಷ್ಯನಿಧಿ, ಬೋನಸ್, ಹೆರಿಗೆ ರಜೆ, ಸಂಬಳಸಹಿತ ರಜೆ ಎಲ್ಲವೂ ಬಂದವು. ಮೂರು ಸಾವಿರ ಜನರಿಂದ ಆರಂಭವಾದದ್ದು 1980ರ ದಶಕದ ಹೊತ್ತಿಗೆ ನಲವತ್ತು ಸಾವಿರ ದಾಟಿತು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಸಂಘದ ಶೆಡ್. ಸಾಲಾಗಿ ಕೂತವರ ಮಡಿಲಲ್ಲಿ ಮೊರ, ಮೊರದಲ್ಲಿ ಅಳತೆಗೆ ಕತ್ತರಿಸಿದ ಎಲೆ ಮತ್ತು ತಂಬಾಕು. ಬೆರಳುಗಳಿಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಹಾಗಾಗಿ ಅವರಲ್ಲೇ ಒಬ್ಬರು ಎದುರು ಕೂತು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅದು ಮುಗಿದರೆ ಕಾದಂಬರಿ. ಓದುವವರಿಗೆ ಆ ಹೊತ್ತಿನ ಕೂಲಿ ತಪ್ಪಬಾರದಲ್ಲ, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಮಲಬಾರಿನ ಬೀಡಿ ಶೆಡ್‌ಗಳ ಈ ಹಳೆಯ ರೂಢಿಯನ್ನು ಸಂಘ ಉಳಿಸಿಕೊಂಡಿತು. ಸಭೆಯಲ್ಲಿ ಎದ್ದು ಲೆಕ್ಕ ಕೇಳುವ ಧೈರ್ಯ ಹುಟ್ಟಿದ್ದೂ ಇಲ್ಲೇ ಎಂದು ನಾನು ನಂಬುತ್ತೇನೆ. ಮನೆಯ ಜಗಲಿಯಲ್ಲಿ ಒಂಟಿಯಾಗಿ ಕಟ್ಟುವವರಿಗೆ ಕೂಲಿ ಸಿಗಬಹುದು, ಈ ಬಲ ಸಿಗುವುದಿಲ್ಲ.

ಬೀಡಿ ಆರೋಗ್ಯಕ್ಕೆ ಕೇಡು, ಅದರಲ್ಲಿ ಎರಡು ಮಾತಿಲ್ಲ. ಬೇಡಿಕೆ ಕುಸಿಯುವುದನ್ನು ಕಂಡ ಸಂಘ 1990ರ ದಶಕದ ಕೊನೆಯಲ್ಲಿ ಮಸಾಲೆ ಪುಡಿ, ತೆಂಗಿನ ಹಾಲು, ಕೊಡೆ ತಯಾರಿಕೆಗೆ ಕೈಹಾಕಿತು. ನಲವತ್ತು ಸಾವಿರ ಕೈಗಳಿಗೆ ಅಷ್ಟು ಕೆಲಸ ಅಲ್ಲಿ ಹುಟ್ಟಲಿಲ್ಲ, ಸದಸ್ಯರ ಸಂಖ್ಯೆ ಬಹಳ ಇಳಿಯಿತು. ಆದರೂ ಕೆಲಸಗಾರರನ್ನು ಬೀದಿಗೆ ಬಿಟ್ಟು ಕಂಪನಿ ಜಾಗ ಖಾಲಿ ಮಾಡುವ 1968ರ ಕಥೆ ಮರುಕಳಿಸಲಿಲ್ಲ. ಮುಂದೇನು ಎಂದು ನಿರ್ಧರಿಸುವ ಮೇಜಿನ ಸುತ್ತ ಈ ಸಲ ಬೀಡಿ ಕಟ್ಟಿದವರೇ ಕೂತಿದ್ದರು.