ಚೆನ್ನೆಮಣೆಯ ಸೆಳೆತ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ಹಳೆಯ ಮನೆಗಳಲ್ಲಿ, ಆಟಿ ತಿಂಗಳ ಜಡಿಮಳೆ ಹಿಡಿದಾಗ, ಅಟ್ಟದಿಂದ ಕೆಳಗಿಳಿಯುತ್ತಿದ್ದ ವಸ್ತುಗಳಲ್ಲಿ ಚೆನ್ನೆಮಣೆಯೂ ಒಂದು. ಹಳೆಯ ಮೈಸೂರಿನ ಕಡೆ ಅಳಗುಳಿಮಣೆ ಎಂದು ಕರೆಯುವುದು ಇದರ ಒಡಹುಟ್ಟನ್ನೇ. ಸಾಲಿಗೆ ಏಳರಂತೆ ಎರಡು ಸಾಲು ಗುಳಿ; ಗುಳಿಗೆ ನಾಲ್ಕರಂತೆ 56 ಬೀಜ. ಇಷ್ಟೇ ಸಲಕರಣೆ. ಆದರೂ ಇದರ ಮುಂದೆ ಕುಳಿತವರಿಗೆ ಊಟದ ಹೊತ್ತು ಮರೆತುಹೋಗುವುದೇಕೆ?

ಆಟದಲ್ಲಿ ಬಗೆಗಳು ಹಲವು. ಸರಳವಾದೊಂದು ಬಗೆ ಹೀಗಿದೆ: ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತಬೇಕು. ಕೈ ಬರಿದಾದೊಡನೆ ಅದರ ಮುಂದಿನ ಗುಳಿಯನ್ನೆತ್ತಿ ಬಿತ್ತನೆ ಮುಂದುವರಿಸಬೇಕು. ಆ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರ ಪಾಲು. ಅದೂ ಬರಿದಾಗಿದ್ದರೆ ಬರಿಗೈ. ಸರದಿ ಎದುರಿನವರಿಗೆ. ವಾಚಕರು ಬೇಕಾದರೆ ಪರೀಕ್ಷಿಸಿ ನೋಡಬಹುದು: ಮೊದಲ ಸರದಿಯನ್ನು ಯಾವ ಗುಳಿಯಿಂದ ಆರಂಭಿಸಿದರೂ ಏಳು ಸಲ ಎತ್ತಿ ಬಿತ್ತಿದ ಮೇಲೆ ಆರು ಬೀಜಗಳು ದೊರೆಯುತ್ತವೆ. ಎರಡನೆಯ ಸರದಿಯಿಂದಲೇ ನಿಜವಾದ ಲೆಕ್ಕಾಚಾರ.

ತನ್ನದನ್ನು ಎದುರಾಳಿಯ ಗುಳಿಗೂ ಹಂಚದೆ ಇಲ್ಲಿ ಗಳಿಕೆಯಿಲ್ಲ. ಈ ಸೊಗಸು ಬೇರೆ ದೇಶದ ಆಟಗಳಲ್ಲಿಯೂ ಇದೆ. 2000ದಲ್ಲಿ ಜರ್ಮನಿಯಲ್ಲಿ ಪ್ರಕಟವಾದ, ಕ್ಲೌಸ್ ಯೂರ್ಗನ್ ವ್ರೇಡೆ ರಚಿಸಿದ 'ಕಾರ್ಕಸೋನ್' ಆಟದಲ್ಲಿ 72 ಚೌಕ ಬಿಲ್ಲೆಗಳನ್ನು ಒಂದರ ಪಕ್ಕ ಒಂದಿಟ್ಟು ನಗರ, ರಸ್ತೆಗಳನ್ನು ಕಟ್ಟುತ್ತಾರೆ. ಅಲ್ಲಿಯೂ ನಾವಿಟ್ಟ ಬಿಲ್ಲೆ ಇನ್ನೊಬ್ಬರ ನಗರವನ್ನು ಪೂರ್ಣಗೊಳಿಸಬಹುದು. ಆದರೆ ಯಾವ ಬಿಲ್ಲೆ ಬರುವುದೆಂಬುದು ಅದೃಷ್ಟ. ಸೋತವನು ಬಿಲ್ಲೆಯನ್ನು ದೂರಬಹುದು. ಚೆನ್ನೆಯಲ್ಲಿ ದಾಳವಿಲ್ಲ, ಮರೆಯಿಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ. ಸೋಲಿಗೆ ಹೊಣೆ ತಾನೊಬ್ಬನೇ. ಆಟದ ಸೆಳೆತವೂ ಅದೇ, ಕುಟುಕೂ ಅದೇ.

ಈ ಕುಟುಕನ್ನು ತುಳುನಾಡು ಬಹು ಹಿಂದೆಯೇ ಅರಿತಿತ್ತು. ಸಿರಿ ಪಾಡ್ದನದಲ್ಲಿ ಸಿರಿಯ ಮೊಮ್ಮಕ್ಕಳಾದ ಅವಳಿಗಳು ಅಬ್ಬಗ, ದಾರಗ ಚೆನ್ನೆಯಾಡುತ್ತ ಜಗಳಕ್ಕಿಳಿಯುತ್ತಾರೆ. ಅಕ್ಕ ಅಬ್ಬಗ ಅದೇ ಮಣೆಯಿಂದ ತಂಗಿಯನ್ನು ಹೊಡೆಯುತ್ತಾಳೆ. ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಬರೆಹಕ್ಕಿಳಿಸಿದರು. 1998ರಲ್ಲಿ ಅಚ್ಚಾದ ಆ ಕಾವ್ಯದ ಸಾಲುಗಳು 15,683.

ಒಡಹುಟ್ಟಿದವರನ್ನು ಬಲಿ ತೆಗೆದುಕೊಂಡಿತೆಂದು ಹಾಡಿದ ಜನರೇ ಆ ಮಣೆಯನ್ನು ಒಲೆಗೆ ಹಾಕಲಿಲ್ಲ. ಮಕ್ಕಳ ಮುಂದೆಯೇ ಇರಿಸಿದರು. ಇದು ಯೋಚಿಸತಕ್ಕ ಸಂಗತಿ. ಸೋಲನ್ನು ತಾಳಿಕೊಳ್ಳುವುದು ಉಪದೇಶದಿಂದ ಬರುವ ಗುಣವಲ್ಲ. ಸೋತು ಸೋತೇ ಬರಬೇಕು. ಬದುಕಿನ ದೊಡ್ಡ ಸೋಲುಗಳು ಬರುವ ಮೊದಲು, ಹಿಡಿ ಬೀಜಗಳ ಈ ಸಣ್ಣ ಸೋಲು ಮಕ್ಕಳಿಗೆ ದೊರೆತರೆ ಲೇಸಲ್ಲವೆ?

ಈಗ 'ಆಟಿಡೊಂಜಿ ದಿನ'ದ ಸಮಾರಂಭಗಳಲ್ಲಿ ಚೆನ್ನೆಮಣೆ ಕಾಣಿಸಿಕೊಳ್ಳುತ್ತಿರುವುದು ಸಂತೋಷವೇ. ಆದರೆ ಅದರ ನಿಜವಾದ ಜಾಗ ವೇದಿಕೆಯಲ್ಲ, ಮನೆಯ ಜಗಲಿ. ಅಣ್ಣತಂಗಿಯರು ಎದುರುಬದುರು ಕುಳಿತಿರಲಿ; ದನಿ ಏರಿದಾಗ ಮಣೆಯನ್ನು ಮೆಲ್ಲನೆ ತಮ್ಮತ್ತ ಎಳೆದುಕೊಂಡು, "ಇನ್ನು ನನ್ನೊಡನೆ ಆಡು" ಎನ್ನುವ ಅಜ್ಜಿಯೊಬ್ಬರು ಪಕ್ಕದಲ್ಲಿರಲಿ.