ಬಾಗಿಲ ಮೇಲಿನ ರೈಲು, ಕತ್ತಿನಲ್ಲಿ ನೋವು

"ಡಾಕ್ಟ್ರೇ, ಎರಡು ತಿಂಗಳಿಂದ ಕತ್ತು ಹಿಡಿದುಕೊಂಡಿದೆ. ಬಲಗೈ ಬೆರಳು ಜುಮುಜುಮು ಅನ್ನುತ್ತೆ. ರಾತ್ರಿ ಮಗ್ಗುಲು ಬದಲಾಯಿಸಿದರೂ ಎಚ್ಚರವಾಗುತ್ತೆ."

ಹೀಗೆಂದು ನನ್ನೆದುರು ಕುಳಿತವರು 67 ವರ್ಷದ ಹಿರಿಯರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಆದರೆ ಹತೋಟಿಯಲ್ಲಿತ್ತು. ಎಕ್ಸ್‌ರೇ ತೆಗೆಸಿದೆ. ಕತ್ತಿನ ಮೂಳೆಗಳಲ್ಲಿ ಆ ವಯಸ್ಸಿಗೆ ಸಹಜವಾದ ಸವೆತವಿತ್ತು, ಹೆಚ್ಚಿನದೇನೂ ಕಾಣಲಿಲ್ಲ. ಕೈಯಲ್ಲಿ ಬಲ ಕುಗ್ಗಿರಲಿಲ್ಲ. ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದೆ. ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಮನೆಯಲ್ಲಿ ಪುಟ್ಟದೊಂದು ರೈಲು ಮಾರ್ಗ ಮಾಡ್ತಾ ಇದ್ದೀನಿ."

ದಿನಕ್ಕೆ ಐದಾರು ಗಂಟೆ ಬಗ್ಗಿ ಕೆಲಸ ಮಾಡುತ್ತಾರೆಂದು ತಿಳಿಯಿತು. ಹೊರಗೆ ಇನ್ನೂ ಇಪ್ಪತ್ತು ರೋಗಿಗಳು ಕಾಯುತ್ತಿದ್ದರು. ನೋವಿನ ಮಾತ್ರೆ ಬರೆದು, "ಈ ವಯಸ್ಸಿನಲ್ಲಿ ಆ ಆಟವೆಲ್ಲ ಯಾಕೆ? ಬಿಟ್ಟುಬಿಡಿ" ಎಂದು ಕಳುಹಿಸಿದೆ.

ಮೂರು ತಿಂಗಳ ಬಳಿಕ ಅವರ ಸೊಸೆ ಅವರನ್ನು ಕರೆದುಕೊಂಡು ಬಂದರು. ಖಾಲಿ ಹೊಟ್ಟೆಯಲ್ಲಿ 128 ಇದ್ದ ಸಕ್ಕರೆ 186ಕ್ಕೆ ಏರಿತ್ತು. "ಮಾವ ಸರಿಯಾಗಿ ಊಟ ಮಾಡಲ್ಲ, ಹಗಲೆಲ್ಲ ಮಲಗಿರ್ತಾರೆ, ಮಾತೂ ಕಡಿಮೆ. ಅತ್ತೆ ಹೋದ ಮೇಲೆ ಆ ರೈಲೊಂದೇ ಅವರನ್ನು ಎಬ್ಬಿಸಿ ಕೂರಿಸಿತ್ತು" ಎಂದರು. ಕತ್ತಿನ ನೋವು? ಅದು ಹಾಗೆಯೇ ಇತ್ತು!

ಓದುಗರೆ, 'ಬಿಟ್ಟುಬಿಡಿ' ಎನ್ನುವುದು ವೈದ್ಯರಿಗೆ ಬಹಳ ಸುಲಭವಾದ ಮಾತು. ಅದಕ್ಕೆ ಖರ್ಚಿಲ್ಲ, ಹೆಚ್ಚು ಯೋಚನೆಯೂ ಬೇಡ. ಆದರೆ ರೋಗಿ ಏನನ್ನು ಬಿಡುತ್ತಾನೆ ಎಂದು ತಿಳಿಯದೆ ಹೇಳಿದರೆ ಅದೂ ಒಂದು ತಪ್ಪು ಔಷಧಿಯೇ. ನಾನು ಕೊಟ್ಟದ್ದು ಅದನ್ನೇ. ಮುಂದಿನ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಬಾಗಿಲ ಮೇಲೆ ಘಟ್ಟ

ಮನೆ ರಿಪೇರಿಯಲ್ಲಿ ತೆಗೆದ ಹಳೆಯ ಬಾಗಿಲೊಂದು ದಿವಾನದ ಮೇಲೆ ಮಲಗಿತ್ತು. ಉದ್ದ ಆರೂವರೆ ಅಡಿ, ಅಗಲ ಎರಡೂವರೆ ಅಡಿ. ಅದರ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ, ಎರಡು ಪಾಯಿಂಟು, ಒಂದು ಸ್ಟೇಷನ್, ಥರ್ಮೋಕೋಲಿನ ಬೆಟ್ಟ, ಬಣ್ಣ ಹಚ್ಚಿದ ಮರದ ಹೊಟ್ಟಿನ ಹುಲ್ಲು. ಎರಡು ಹಳಿಗಳ ನಡುವಿನ ಅಂತರ ಕೇವಲ 9 ಮಿಲಿಮೀಟರ್. ಇದನ್ನು ಎನ್ ಗೇಜ್ ಎನ್ನುತ್ತಾರೆ. ನಿಜವಾದ ರೈಲಿನ 160ರಲ್ಲಿ ಒಂದು ಭಾಗದಷ್ಟು ಅಳತೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಮಾದರಿ 87ರಲ್ಲಿ ಒಂದು ಭಾಗ. ಅದರಲ್ಲಿ ರೈಲು ತಿರುಗಲು ಸುಮಾರು ನಾಲ್ಕು ಅಡಿ ಅಗಲ ಬೇಕು. ನಮ್ಮ ಮನೆಗಳ ಕೋಣೆಗೆ ಎನ್ ಗೇಜೇ ಸಲೀಸು.

ಅವರು ಕಟ್ಟಲು ಹೊರಟಿದ್ದು ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ಮಾರ್ಗ. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿ ಸಾಗಿದರೆ 1 ಅಡಿ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ಆರಂಭವಾದ ಈ ಮಾರ್ಗದಲ್ಲಿ, ಗೇಜ್ ಬದಲಾವಣೆಗಾಗಿ 1996ರಲ್ಲಿ ರೈಲು ನಿಲ್ಲುವವರೆಗೂ ಅವರು ಹಸಿರು ಬಾವುಟ ಬೀಸಿದವರು. "ಇದು ಆಟದ ಸಾಮಾನಲ್ಲ ಡಾಕ್ಟ್ರೇ" ಎಂದರು. ನಾನು ತಲೆ ತಗ್ಗಿಸಿದೆ.

"ಸರಿ, ಕೆಲಸ ಮಾಡಿ ತೋರಿಸಿ" ಎಂದು ಪಕ್ಕದಲ್ಲಿ ನಿಂತು ನೋಡಿದೆ. ಹತ್ತೇ ನಿಮಿಷದಲ್ಲಿ ಕತ್ತಿನ ನೋವಿಗೆ ಕಾರಣ ತಿಳಿಯಿತು. ಎಕ್ಸ್‌ರೇಯಲ್ಲಿ ಇದು ಕಂಡಿರಲಿಲ್ಲ.

ಮೊದಲು ಎತ್ತರ

ದಿವಾನದ ಎತ್ತರ ಒಂದೂವರೆ ಅಡಿ. ಅದರ ಮುಂದೆ ಇವರು ನಿಂತು ಬಗ್ಗುತ್ತಿದ್ದರು. ನಮ್ಮ ತಲೆಯ ತೂಕ ಸುಮಾರು ಐದು ಕಿಲೋ. ನೆಟ್ಟಗಿದ್ದಾಗ ಬೆನ್ನುಮೂಳೆ ಅದನ್ನು ಹೊರುತ್ತದೆ. ಬಗ್ಗಿದಾಗ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ಬಗ್ಗಿದಷ್ಟೂ ಎಳೆತ ಹೆಚ್ಚು.

ಸೂಕ್ಷ್ಮ ಕೆಲಸಕ್ಕೆ ಮೇಜು ಎಷ್ಟು ಎತ್ತರವಿರಬೇಕು? ನೆಟ್ಟಗೆ ನಿಂತು ಮೊಣಕೈ ಮಡಿಸಿ. ಮೊಣಕೈಗಿಂತ 5 ರಿಂದ 10 ಸೆಂಟಿಮೀಟರ್ ಮೇಲಿರಬೇಕು. ಇವರ ಮೊಣಕೈ ನೆಲದಿಂದ 105 ಸೆಂಟಿಮೀಟರ್ ಇತ್ತು. ಬಡಗಿಯಿಂದ 110 ಸೆಂಟಿಮೀಟರ್ ಎತ್ತರದ ಚೌಕಟ್ಟು ಮಾಡಿಸಿ ಬಾಗಿಲನ್ನು ಅದರ ಮೇಲಿಟ್ಟೆವು. ಕಾಲು ನೋಯುವಾಗ ಕೂರಲು ಒಂದು ಎತ್ತರದ ಸ್ಟೂಲು.

ಇದರಿಂದ ನಾನು ಎಣಿಸದ ಲಾಭವೊಂದು ಆಯಿತು. ಇದುವರೆಗೆ ಹದ್ದಿನಂತೆ ಮೇಲಿನಿಂದ ನೋಡುತ್ತಿದ್ದ ರೈಲು, ಈಗ ಸ್ಟೂಲಿನಲ್ಲಿ ಕುಳಿತರೆ ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದಂತೆ ಕಾಣತೊಡಗಿತು. ಕತ್ತಿಗೆ ಹಿತವಾದದ್ದು ರೈಲಿಗೂ ಚೆಂದ!

ಕೈ ಎಷ್ಟು ದೂರ ಚಾಚಬೇಕು ಎಂಬುದೂ ಮುಖ್ಯ. ಎರಡರಿಂದ ಎರಡೂವರೆ ಅಡಿ ಮೀರಿದರೆ ಸೊಂಟ ಬಗ್ಗಲೇಬೇಕು. ಆದ್ದರಿಂದ ಆಗಾಗ ಕೈ ಹಾಕಬೇಕಾದ ಪಾಯಿಂಟುಗಳು ಮುಂಭಾಗದಲ್ಲಿರಲಿ, ಬೆಟ್ಟ ಹಿಂಭಾಗದಲ್ಲಿರಲಿ. ನಾಲ್ಕು ಸುತ್ತಲೂ ಹಲಗೆ ಹಾಕಿ ನಡುವೆ ನಿಲ್ಲುವ ವಿನ್ಯಾಸ ವಯಸ್ಸಾದವರಿಗೆ ಬೇಡ. ಪ್ರತಿ ಸಲ ಹಲಗೆಯ ಕೆಳಗೆ ನುಸುಳಿ ಏಳುವಾಗ ತಲೆ ಬಡಿಯುತ್ತದೆ, ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತಲೆ ಸುತ್ತುವುದೂ ಉಂಟು.

ಹಲಗೆಯ ಕೆಳಗೆ ಅಂಗಾತ ಮಲಗಿ ತಂತಿ ಬೆಸೆಯುವ ಅಭ್ಯಾಸ ಕೆಲವರಿಗಿದೆ. ಕಾದ ಬೆಸುಗೆಯ ಹನಿ ಕಣ್ಣಿಗೇ ಬೀಳಬಹುದು. ಇವರದು ಬಾಗಿಲಲ್ಲವೇ? ಗೋಡೆಯ ಪಕ್ಕದ ಅಂಚಿಗೆ ಕೀಲು ಹಾಕಿಸಿದೆವು. ಬೋಗಿಗಳನ್ನು ತೆಗೆದಿಟ್ಟು, ಮಗನ ಸಹಾಯದಿಂದ ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ತಂತಿಯ ಕೆಲಸವೆಲ್ಲ ಕಣ್ಣೆದುರಿಗೇ ಬರುತ್ತದೆ.

ಕನ್ನಡಕ ಮತ್ತು ಬೆಳಕು

ಎರಡನೆಯ ತಪ್ಪು ಕನ್ನಡಕದ್ದು. ಚಾಳೀಸು ಬಂದ ಮೇಲೆ ಎರಡು ಭಾಗದ ಕನ್ನಡಕ ಹಾಕುತ್ತೇವೆ. ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಲು. ಆದರೆ ರೈಲು ಹಳಿ ಇರುವುದು ಎರಡಡಿ ದೂರದಲ್ಲಿ. ಅದಕ್ಕೆ ಮೇಲ್ಭಾಗವೂ ಸಾಲದು, ಕೆಳಭಾಗವೂ ಹೊಂದದು. ಹಾಗಾಗಿ ಇವರು ಸೊಂಟ ಬಗ್ಗಿಸಿ, ಗಲ್ಲ ಮೇಲೆತ್ತಿ, ಆಮೆಯಂತೆ ಕತ್ತು ಮುಂದೆ ಚಾಚುತ್ತಿದ್ದರು. ಬೆರಳಿನ ಜುಮುಜುಮುಗೂ ಈ ಭಂಗಿಯೇ ಮೂಲ. ಕತ್ತು ಹಿಂದಕ್ಕೆ ವಾಲಿದಾಗ ನರ ಹೊರಬರುವ ಕಿಂಡಿ ಕಿರಿದಾಗುತ್ತದೆ.

ಪರಿಹಾರ ಸುಲಭ. ಕಣ್ಣಿನ ಡಾಕ್ಟರ ಬಳಿ ಹೋಗಿ, "ನಾನು ಎರಡಡಿ ದೂರದ ಕೆಲಸ ಮಾಡುತ್ತೇನೆ" ಎಂದು ಹೇಳಿ. ಆ ದೂರಕ್ಕೆಂದೇ ಒಂದೇ ಶಕ್ತಿಯ ಕನ್ನಡಕ ಬರೆದುಕೊಡುತ್ತಾರೆ. ಅದನ್ನು ಧರಿಸಿ ಮೆಟ್ಟಿಲು ಹತ್ತಬೇಡಿ, ರಸ್ತೆಗೆ ಇಳಿಯಬೇಡಿ.

ಬೆಳಕನ್ನೂ ಹೆಚ್ಚಿಸಿ. ಇಪ್ಪತ್ತರ ಹರೆಯದಲ್ಲಿ ಕಣ್ಣಿನ ಒಳಪರದೆಗೆ ಮುಟ್ಟುತ್ತಿದ್ದ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತರಲ್ಲಿ ಮುಟ್ಟುತ್ತದೆ. ಮೊಮ್ಮಗನಿಗೆ ಸಾಕಾಗುವ ದೀಪ ತಾತನಿಗೆ ಸಾಲದು. ಬಗ್ಗಿಸಬಹುದಾದ ಮೇಜಿನ ದೀಪವೊಂದನ್ನು ಎಡಗಡೆಗೆ ಇಡಿ (ಎಡಚರಾದರೆ ಬಲಗಡೆಗೆ). ಕೈಯ ನೆರಳು ಕೆಲಸದ ಮೇಲೆ ಬೀಳುವುದಿಲ್ಲ.

ಹೊಗೆ, ಅಂಟು, ವಿದ್ಯುತ್ತು

ಬೆಸುಗೆಯ ತಂತಿಯಲ್ಲಿ ತವರದ ಜೊತೆ ಸೀಸ ಇರುತ್ತದೆ. ಸಾಮಾನ್ಯ ಬೆಸುಗೆಯ ಕಾವಿಗೆ ಸೀಸ ಆವಿಯಾಗುವುದು ತೀರ ಕಡಿಮೆ. ಅದು ಒಳಸೇರುವುದು ಕೈಯಿಂದ ಬಾಯಿಗೆ. ಬೆಸುಗೆ ಹಾಕುತ್ತ ಕಾಫಿ ಕುಡಿಯಬೇಡಿ, ತಂತಿಯನ್ನು ಬಾಯಲ್ಲಿ ಕಚ್ಚಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಸೀಸವಿಲ್ಲದ ಬೆಸುಗೆಯೂ ಸಿಗುತ್ತದೆ. ಬಿಳಿ ಹೊಗೆ ಬರುವುದು ಅದರೊಳಗಿನ ರಾಳದಿಂದ. ಉಬ್ಬಸವಿದ್ದವರಿಗೆ ಅದು ಶತ್ರು, ಇಲ್ಲದವರಿಗೂ ತರಿಸಬಲ್ಲದು. ಕಿಟಕಿ ತೆರೆದಿರಲಿ, ಮುಖ ಹೊಗೆಯ ಮೇಲಿರದಿರಲಿ. ಕಾದ ತಂತಿಯಿಂದ ಥರ್ಮೋಕೋಲ್ ಕತ್ತರಿಸುವಾಗಲೂ ಇದೇ ಎಚ್ಚರಿಕೆ.

ಕ್ಷಣದಲ್ಲಿ ಹಿಡಿಯುವ ಅಂಟು ಬೆರಳುಗಳನ್ನೂ ಕ್ಷಣದಲ್ಲಿ ಹಿಡಿಯುತ್ತದೆ. ಎಳೆದು ಬಿಡಿಸಬೇಡಿ. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ರೆಪ್ಪೆಗೆ ಅಂಟಿದರೆ ಬೆಚ್ಚಗಿನ ನೀರಿನ ಬಟ್ಟೆ ಇಟ್ಟುಕೊಂಡು ಕಣ್ಣಿನ ಡಾಕ್ಟರ ಬಳಿ ಹೋಗಿ. ಉಗುರುಬಣ್ಣ ತೆಗೆಯುವ ದ್ರವವನ್ನು ಕಣ್ಣಿನ ಹತ್ತಿರ ತರಲೇಬಾರದು.

ಹಳಿಯಲ್ಲಿ ಹರಿಯುವುದು 12 ವೋಲ್ಟ್ ಅಷ್ಟೇ, ಅದು ಅಪಾಯಕಾರಿಯಲ್ಲ. ಅಪಾಯವಿರುವುದು ಗೋಡೆಯ 230 ವೋಲ್ಟಿನಲ್ಲಿ. ಕಂಟ್ರೋಲರಿನ ಪೆಟ್ಟಿಗೆ ಬಿಚ್ಚಬೇಡಿ. ಕೋಣೆ ಬಿಡುವಾಗ ಗೋಡೆಯ ಸ್ವಿಚ್ ಆರಿಸಿ.

ಮನೆಯಲ್ಲಿ ಮೊಮ್ಮಕ್ಕಳಿದ್ದರೆ

ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಇವರ ಪುಟ್ಟ ಸ್ಟೇಷನ್ನಿನಲ್ಲಿ ದೀಪ ಉರಿಯುತ್ತಿದ್ದುದು ನಾಣ್ಯದಂತಹ ಬಟನ್ ಸೆಲ್ಲಿನಿಂದ. ಬಿಡಿ ಸೆಲ್ಲುಗಳು ಒಂದು ಬಟ್ಟಲಲ್ಲಿದ್ದವು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಓಡಾಡುತ್ತಿದ್ದಳು.

ಮಗು ಬಟನ್ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಎರಡೇ ಗಂಟೆಯಲ್ಲಿ ಅಲ್ಲಿ ತೀವ್ರ ಸುಟ್ಟಗಾಯವಾಗಬಲ್ಲದು. ಪ್ರಾಣವೂ ಹೋಗಬಹುದು. ನುಂಗಿರಬಹುದು ಎಂಬ ಅನುಮಾನ ಸಾಕು, ಆ ಕ್ಷಣವೇ ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಬೇಡಿ. ಬೇರೇನೂ ತಿನ್ನಿಸಬೇಡಿ, ಕುಡಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಕಷ್ಟವಿಲ್ಲದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಚಹಾ ಚಮಚ ಜೇನುತುಪ್ಪ ಕೊಡಬಹುದು, ಆರು ಸಲಕ್ಕಿಂತ ಹೆಚ್ಚಲ್ಲ. ಜೇನು ಹುಡುಕುತ್ತ ತಡಮಾಡಬೇಡಿ. ಅದು ಚಿಕಿತ್ಸೆಯಲ್ಲ, ಹಾನಿಯನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ.

ಬೋಗಿ ಜೋಡಿಸಲು ಬಳಸುವ ಚಿಕ್ಕ ಆಯಸ್ಕಾಂತಗಳೂ ಹೀಗೆಯೇ. ಎರಡು ನುಂಗಿದರೆ ಅವು ಕರುಳಿನ ಗೋಡೆಗಳನ್ನು ನಡುವೆ ಹಿಡಿದು ತೂತು ಮಾಡಬಲ್ಲವು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅವನ್ನು ಅಂಗಿಯ ಜೇಬಿಗೆ ಹಾಕಬಾರದು, ಎದೆಯಿಂದ ಅರ್ಧ ಅಡಿಯಾದರೂ ದೂರವಿಡಬೇಕು.

ಅದೇ ದಿನ ಸೆಲ್ಲುಗಳು ಬೀಗದ ಕಪಾಟಿಗೆ ಹೋದವು. ಸ್ಟೇಷನ್ನಿನ ಪುಟ್ಟ ಎಲ್‌ಇಡಿ ದೀಪಕ್ಕೆ 1,000 ಓಮ್‌ನ ರೆಸಿಸ್ಟರ್ ಸೇರಿಸಿ, ಬೇರೊಂದು 12 ವೋಲ್ಟಿನ ಅಡಾಪ್ಟರಿನಿಂದ ತಂತಿ ಎಳೆದರು. ಈಗ ಸೆಲ್ಲೇ ಬೇಡ. ದೀಪವೂ ಮಂಕಾಗುವುದಿಲ್ಲ.

ಹವ್ಯಾಸವೂ ಔಷಧಿಯೇ?

2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 16 ದೇಶಗಳ, 65 ದಾಟಿದ 93,000ಕ್ಕೂ ಹೆಚ್ಚು ಜನರನ್ನು ಗಮನಿಸಿತು. ಹವ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ತೃಪ್ತಿ ಹೆಚ್ಚು. ಹವ್ಯಾಸದಿಂದಲೇ ಹೀಗಾಯಿತು ಎಂದು ಇಷ್ಟರಿಂದ ಸಾಧಿಸಲಾಗದು, ಆರೋಗ್ಯವಾಗಿರುವವರೇ ಹವ್ಯಾಸ ಇಟ್ಟುಕೊಳ್ಳುವುದೂ ಇದೆ. ಆದರೆ ಇರುವ ಹವ್ಯಾಸವನ್ನು ಕಿತ್ತುಕೊಳ್ಳುವ ಮೊದಲು ನನ್ನಂಥ ವೈದ್ಯರು ಎರಡು ಸಲ ಯೋಚಿಸಲು ಇಷ್ಟು ಸಾಕು. ಖಿನ್ನತೆ ಗಾಢವಾಗಿದ್ದರೆ ಹವ್ಯಾಸವೊಂದೇ ಸಾಲದು, ಚಿಕಿತ್ಸೆ ಬೇಕೇ ಬೇಕು.

ಹಾಗೆಂದು ದಿನವೆಲ್ಲ ರೈಲಿನ ಮುಂದೆಯೇ ಇರಬೇಡಿ. ಅರ್ಧ ಗಂಟೆಗೊಮ್ಮೆ ಕೈ ಕೆಳಗಿಟ್ಟು, ಭುಜ ತಿರುಗಿಸಿ, ಅಂಗಳದಲ್ಲಿ ಒಂದು ಸುತ್ತು ಬನ್ನಿ. ಸಂಜೆಯ ನಡಿಗೆ ತಪ್ಪದಿರಲಿ.

ಸೂಕ್ಷ್ಮ ಕೆಲಸ ಮಾಡುವ ಕೈ ರೋಗವನ್ನೂ ಬೇಗ ತಿಳಿಸುತ್ತದೆ. ಸಲೀಸಾಗಿ ಜೋಡಿಸುತ್ತಿದ್ದ ಬೋಗಿ ಈಗ ಹಿಡಿತಕ್ಕೆ ಸಿಗುತ್ತಿಲ್ಲವೇ? ಸುಮ್ಮನೆ ಕುಳಿತಾಗ ಒಂದು ಕೈ ನಡುಗುತ್ತಿದೆಯೇ? ಹಿಡಿದ ವಸ್ತು ಜಾರುತ್ತಿದೆಯೇ? ನಡಿಗೆ ತೊಡರುತ್ತಿದೆಯೇ? ವಯಸ್ಸಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಒಂದು ಕೈಯ ಬಲ ಇದ್ದಕ್ಕಿದ್ದಂತೆ ಕುಗ್ಗಿದರೆ, ಮಾತು ತೊದಲಿದರೆ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ನಮ್ಮ ಗಾರ್ಡ್ ಸಾಹೇಬರ ಕಥೆ ಏನಾಯಿತು? ಆರು ವಾರದಲ್ಲಿ ಬೆರಳಿನ ಜುಮುಜುಮು ನಿಂತಿತು. ಕತ್ತಿನ ನೋವು ಪೂರ್ತಿ ಹೋಗಿಲ್ಲ, ಮಾತ್ರೆ ಬೇಡವೆನ್ನುವಷ್ಟು ಇಳಿದಿದೆ. ಸಕ್ಕರೆ ಮತ್ತೆ 130ರ ಸುತ್ತ ಬಂದಿದೆ.

ಒಂದು ತೊಂದರೆ ಮಾತ್ರ ಉಳಿದಿತ್ತು. ಒಂದು ಹಳಿಯ ಮೇಲೆ ಇನ್ನೊಂದನ್ನು ಹಾಯಿಸಲು ಎರಡು ಇಂಚು ಎತ್ತರಿಸಬೇಕಿತ್ತು. ಘಟ್ಟದ ಏರಿನಂತೆ ಮಾಡಿದರೆ ಅದಕ್ಕೆ ನೂರು ಇಂಚು ಬೇಕು, ಬಾಗಿಲಿನಲ್ಲಿ ಜಾಗವಿಲ್ಲ. ಐವತ್ತೇ ಇಂಚಿನಲ್ಲಿ ಏರಿಸಿದ್ದರು. ಐದು ಬೋಗಿ ಕಟ್ಟಿದರೆ ಇಂಜಿನಿನ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಕೊನೆಗೆ ಏರನ್ನೇ ಕೈಬಿಟ್ಟು ಹಳಿಯನ್ನು ಸಮ ಮಾಡಿದರು. ಅದರ ಪಕ್ಕದ ಥರ್ಮೋಕೋಲನ್ನು ಆಳವಾಗಿ ಕೊರೆದು ಕಣಿವೆ ಮಾಡಿದರು. ಈಗ ಸಮತಟ್ಟಾದ ಹಳಿಯೇ ಘಟ್ಟದ ಅಂಚಿನಲ್ಲಿ ಸಾಗಿದಂತೆ ಕಾಣುತ್ತದೆ.

"ಮಂಡಿಗೂ ಇದೇ ಉಪಾಯ ಹೇಳಿ ಡಾಕ್ಟ್ರೇ" ಎಂದು ನಕ್ಕರು. ಮುಂದಿನ ವಾರ ಮಂಡಿನೋವಿನ ಬಗ್ಗೆಯೇ ಬರೆಯುತ್ತೇನೆ.