ಕಥನದಿಂದ ಕಸರತ್ತಿಗೆ: ‘ಪಶ್ಚಿಮಯಾತ್ರೆ’ಯ ಒಂದು ರಂಗರೂಪ

ಹದಿನಾರನೆಯ ಶತಮಾನದ ಚೀನೀ ಕಾದಂಬರಿ ‘ಪಶ್ಚಿಮಯಾತ್ರೆ’ಗೆ ಮೂಲದ್ರವ್ಯ, ಬೌದ್ಧಗ್ರಂಥಗಳನ್ನರಸಿ ಭಾರತಕ್ಕೆ ಬಂದ, ಚಾಲುಕ್ಯ ಇಮ್ಮಡಿ ಪುಲಕೇಶಿಯ ಬಗೆಗೂ ಬರೆದ ಹ್ಯೂಯೆನ್‌ತ್ಸಾಂಗನ ಯಾತ್ರೆ. ಆದರೆ ನೂರು ಅಧ್ಯಾಯಗಳ ಈ ಕಥನದಲ್ಲಿ ಮನಸೆಳೆಯುವವನು ಯತಿಯಲ್ಲ. ಅವನ ಶಿಷ್ಯನಾದ ಕಪಿ ಸುನ್ ವುಕಾಂಗ್.

ನಿರ್ದೇಶಕ ಚೆನ್ ಶಿ-ಜೆಂಗ್, ಸಂಗೀತಗಾರ ಡೇಮನ್ ಆಲ್ಬರ್ನ್, ಚಿತ್ರಕಾರ ಜೇಮೀ ಹ್ಯೂಲೆಟ್ ಇದನ್ನು ಸರ್ಕಸ್ ಗೀತನಾಟಕವಾಗಿ ರೂಪಾಂತರಿಸಿದರು. 2007ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಪ್ರದರ್ಶನ ಕಂಡ ಈ ಕೃತಿಯ ಗಾಯನ ಮ್ಯಾಂಡರಿನ್ ಭಾಷೆಯಲ್ಲಿತ್ತು. ಆ ಭಾಷೆಯನ್ನರಿಯದ ಪ್ರೇಕ್ಷಕರಿಗೆ ಕಥೆಯನ್ನು ಮುಟ್ಟಿಸುವ ಹೊಣೆಯ ಬಹುಭಾಗವನ್ನು ಕಲಾವಿದರ ದೇಹವೇ ಹೊರಬೇಕಾಯಿತು.

ಇದರಿಂದ ಮೂಲದ ಆಧ್ಯಾತ್ಮಿಕ ಆಶಯ ಬರಿಯ ಕಸರತ್ತಿನಲ್ಲಿ ಕರಗಿತೇ ಎಂಬ ಪ್ರಶ್ನೆ ಸಹಜ. ಬೀಜಿಂಗ್ ಒಪೆರಾದಲ್ಲಿ ಗಾಯನ, ಮಾತು, ಅಭಿನಯಗಳಂತೆಯೇ ಯುದ್ಧಕೌಶಲ, ಲಾಗಗಳೂ ರಂಗಭಾಷೆಯ ಅಂಗಗಳು. ವಾನರರಾಜನ ಪ್ರಸಂಗಗಳೂ ಅಲ್ಲಿ ಸುಪ್ರಸಿದ್ಧ. ಆದ್ದರಿಂದ ಸರ್ಕಸ್ಸನ್ನು ಹೊರಗಿನಿಂದ ತಂದ ಅಲಂಕಾರವೆನ್ನಲಾಗದು. ಸ್ವಚ್ಛಂದ ಶಕ್ತಿಯು ಸಂಯಮಕ್ಕೆ ಒಳಪಡುವುದೇ ಮೂಲಕಥೆಯ ತಿರುಳು. ಯತಿ ಮಂತ್ರ ಹೇಳಿದಾಗ ಕಪಿಯ ತಲೆಯ ಚಿನ್ನದ ಪಟ್ಟಿ ಬಿಗಿಯುತ್ತದೆ. ಗಾಳಿಯಲ್ಲಿ ಹಾರುವ ಕಲಾವಿದನ ಸ್ವಾತಂತ್ರ್ಯವೂ ಕಠಿಣ ಶಿಸ್ತಿನ ಫಲವೇ. ಈ ಅರ್ಥದಲ್ಲಿ ರೂಪವು ಆಶಯವನ್ನು ಕಾಪಾಡಿದೆ. ಆದರೆ ಯತಿಯ ಅಂಜಿಕೆ, ಸಂದೇಹ, ಮುಗಿಯದ ನಡಿಗೆಯ ದಣಿವು ಲಾಗಕ್ಕೆ ಸುಲಭವಾಗಿ ಎಟುಕುವಂಥವಲ್ಲ. ರೂಪಾಂತರವು ಕಪಿಯನ್ನು ಪಡೆದು, ಯತಿಯನ್ನು ತುಸು ಕಳೆದುಕೊಂಡಿದೆ ಎನ್ನಬಹುದು.